ತಕ್ಕದ್ದು, ಬಹುದು

ಪ್ರವಾಸಿ ಮಂದಿರದ ಎರಡನೇ ಕೋಣೆ, ಬೀದರ, ರಾತ್ರಿ ಒಂಬತ್ತೂವರೆ.
ಕರೆಂಟು ಹೋಗಿ ಬಂದಿದೆ. ನನ್ನ ಕಂಪ್ಯೂಟರು
ಮತ್ತೆ ಕಣ್ಣು ಬಿಟ್ಟಾಗ
ಕಲಂ ಹದಿನಾಲ್ಕು, ಉಪಕಲಂ ಎರಡು, ಅರ್ಧಕ್ಕೆ ನಿಂತಿದೆ:
'ಸುರಂಗ ಬಾವಿಯ ಇಕ್ಕೆಲದ ನೂರು ಅಡಿ ನೆಲವನ್ನು
ಯೋಜನಾ ಪ್ರಾಧಿಕಾರವು ಕಾಯ್ದಿರಿಸ—'

ಮುಂದೇನು?
ಕಾಯ್ದಿರಿಸತಕ್ಕದ್ದು, ಅಂದರು ಸರೂಬಾಯಿ ಮೇಡಂ.
ಕಾಯ್ದಿರಿಸಬಹುದು, ಅಂದರು ಪಾಂಚಾಳ ಸಾಹೇಬರು.
ನನ್ನ ಹತ್ತು ಬೆರಳೂ ಗಾಳಿಯಲ್ಲಿ.

ಆಕೆ ಮೊದಲ ಸಲ ಗೆದ್ದವರು. ಪರಿಶೀಲನಾ ಸಮಿತಿಯಲ್ಲಿ ಕೊನೆಯ ಕುರ್ಚಿ.
ಹುಮನಾಬಾದಿನ ಸಂತೆಯಲ್ಲಿ ಬೆಲ್ಲದ ಪೆಂಟೆ ತೂಗಿದ ಕೈ,
ಮಾತನ್ನೂ ತೂಗಿಯೇ ಕೊಡುತ್ತಾರೆ.
ಆತ ನಗರ ಯೋಜನೆಯ ಸಹಾಯಕ ನಿರ್ದೇಶಕ,
ಇಪ್ಪತ್ತಾರು ವರ್ಷದ ನೌಕರಿ, ಒಂಬತ್ತು ವರ್ಗಾವಣೆ,
ಜೇಬಿನಲ್ಲಿ ಮೂರು ಬಣ್ಣದ ಪೆನ್ನು.
ಕರಡಿನ ಮೇಲೆ ಇಬ್ಬರ ಹೆಸರೂ ಜೊತೆಗೆ ಎಲ್ಲೂ ಬರುವುದಿಲ್ಲ.
ಚಹಾದ ಬಿಲ್ಲಿನ ಮೇಲೆ ಬಂದಿದೆ.

'ಬಹುದು ಅಂದ್ರ ನಿಮಗೊಂದು ಬಾಗಿಲ ಇಟ್ಟಂಗ ಆತಲ್ರೀ.'
'ಬಾಗಿಲಲ್ಲ ಮೇಡಂ, ಕಿಟಕಿ. ಉಸಿರಾಡ್ಲಿಕ್ಕ.
ಇಡೀ ಜಿಲ್ಲಾಕ್ಕ ಭೂಮಾಪಕರು ಇಬ್ರು, ಒಬ್ಬಾಂವ ರಜಾದಾಗ.
ತಕ್ಕದ್ದು ಅಂತ ನೀವು ಬರದು ಹೋಗ್ತೀರಿ,
ನಾಳೆ ಕೋರ್ಟಿನಾಗ ನಿಂದ್ರಾಂವ ನಾ.'

ಮೇಡಂ ಉತ್ತರ ಕೊಡಲಿಲ್ಲ. ಬ್ಯಾಟರಿ ತಗೋರಿ, ಅಂದರು.

ನೌಬಾದಿನ ದಾರಿ. ಜೀಪಿನ ಹಿಂದೆ ನಾನು, ನನ್ನ ಪಕ್ಕ
ಘೌಸುದ್ದೀನ್ ಸಾಬ್, ದಾಖಲೆ ಕೋಣೆಯ ಮುದುಕ,
ನಿಜಾಮರ ಕಾಲದ ಉರ್ದು ಓದಲು ಕಚೇರಿಗೆ ಉಳಿದ ಒಂದೇ ಕನ್ನಡಕ.
ಮಡಿಲಲ್ಲಿ ಬಟ್ಟೆಯ ನಕ್ಷೆ. 'ಇದರಾಗ ಇಪ್ಪತ್ತೊಂದು ಬಾಯಿ ಅದಾವ.'
ಹೊಸ ಬಡಾವಣೆಯ ಕಾಗದದಲ್ಲಿ ಒಂದೂ ಇಲ್ಲ,
ಅಲ್ಲಿ ನಿವೇಶನ ನಲವತ್ತೆರಡು, ಉದ್ಯಾನ, ಗುಡಿಗೆ ಬಿಟ್ಟ ಜಾಗ.

ಜಾಲಿಮುಳ್ಳು ಸರಿಸಿ ಕೆಂಪುಗಲ್ಲಿನ ಅಂಚಿಗೆ ಬಗ್ಗಿದೆವು.
ಬೆಳಕು ಇಳಿಯಿತು, ಇಳಿಯಿತು, ಒಂದು ಪ್ಲಾಸ್ಟಿಕ್ ಚೀಲದ ಮೇಲೆ ನಿಂತಿತು.
ಸಾಹೇಬರು ಕಡಲೆಯಷ್ಟು ಹರಳು ಬಿಟ್ಟರು.
ಹರಳಿಗಿಂತ ಮೊದಲು ಕೇಳಿತು ನೀರು.
ಹರಿಯುವ ಸದ್ದಲ್ಲ, ಒಳಗೆ ಯಾರೋ ಹಾಳೆ ತಿರುವಿದ ಹಾಗೆ.
ಶಾಸಕರೂ ಅಧಿಕಾರಿಯೂ ಒಂದೇ ತೂತಿಗೆ ಕಿವಿಯಿಟ್ಟು
ಮೊಣಕಾಲೂರಿದ್ದನ್ನು ನೋಡಿದವರು
ನಾವಿಬ್ಬರು ಮತ್ತು ಒಂದು ನಾಯಿ.

ಮರಳಿದಾಗ ಹನ್ನೊಂದೂ ಕಾಲು. ಅನ್ನ ಆರಿತ್ತು.
ತೂಕ ಶುರುವಾಯಿತು.
'ನಾಕು ಭೂಮಾಪಕರ ಹುದ್ದಾ ಕೊಡ್ರಿ, ತಕ್ಕದ್ದು ತಗೋರಿ.'
'ಹುದ್ದಾ ಕಾಯ್ದೆದಾಗ ಬರಂಗಿಲ್ಲ. ಬಜೆಟ್ಟಿನ ದಿನ ಕೇಳ್ತೀನಿ,
ನಿಂತು ಕೇಳ್ತೀನಿ. ಅಂಕಿ ನೀವು ಬರಕೊಡ್ರಿ.'
'ನೂರು ಅಡಿ ನಿಲ್ಲಂಗಿಲ್ಲ. ಅರವತ್ತು ಅನ್ರಿ, ಉಳಸ್ತೀನಿ.'
'ಗಡುವು?' 'ಎರಡು ವರ್ಷ.' 'ಒಂದು.' 'ಒಂದೂವರೆ.'
ಘೌಸುದ್ದೀನ್ ಸಾಬ್ ನಕ್ಷೆ ತಬ್ಬಿ ಕುರ್ಚಿಯಲ್ಲೇ ನಿದ್ದೆ ಹೋದ.
'ರೂತಮ್ಮ, ಹೊಡೀರಿ,' ಅಂದರು ಇಬ್ಬರೂ,
ಒಂದೇ ಉಸಿರಿಗೆ.

ಹೊಡೆದೆ. ಕಾಯ್ದಿರಿಸತಕ್ಕದ್ದು.
ತ, ಕ್ಕ, ದ್ದು: ಮೂರಕ್ಷರದಲ್ಲಿ ಎರಡಕ್ಕೆ ಒತ್ತು,
ಕಾಲ ಕೆಳಗೆ ಕಲ್ಲು ಇಟ್ಟ ಹಾಗೆ.
ಬಹುದು ಬರೆದು ನೋಡಿ.
ಕೆಳಗೆ ಏನೂ ಇಲ್ಲ.

ಬೆಳಗಾವಿಯ ಅಧಿವೇಶನ ಮುಗಿದು, ರಾಜ್ಯಪತ್ರ ಬಂದಾಗ ಬಿಸಿಲು.
ಅರವತ್ತು ನಲವತ್ತಾಗಿತ್ತು.
'ಹದಿನೆಂಟು ತಿಂಗಳೊಳಗೆ' ಇದ್ದಲ್ಲಿ 'ಯುಕ್ತ ಅವಧಿಯೊಳಗೆ'.
ಹುದ್ದೆ, ಒಂದು.
ತಕ್ಕದ್ದು ಹಾಗೇ ಇತ್ತು. ಎರಡು ಸಲ ಓದಿದೆ.

ಸಾಹೇಬರಿಗೆ ಹತ್ತನೆಯ ವರ್ಗ, ಸುರಪುರಕ್ಕೆ.
ಹೊರಡುವ ಹಿಂದಿನ ಭಾನುವಾರ ತಾವೇ ಟೇಪು ಹಿಡಿದು
ಬಾಯಿ ಬಾಯಿಗೂ ಸುಣ್ಣದ ನಂಬರು ಬರೆಸಿದರು.
ಹದಿನೇಳಕ್ಕೆ ಕತ್ತಲಾಯಿತು.
ಮರುದಿನ ಮೇಡಂ ಫೋನು ಮಾಡಿ ಕೇಳಿದ್ದು ಇಷ್ಟೇ:
'ಸುಣ್ಣ ಉಳದದ ಏನ್ರೀ, ರೂತಮ್ಮ?'

ಅರ್ಧ ಬಕೆಟ್ ಉಳಿದಿತ್ತು.